ಷರ್ಲಾಕ್ ಹೋಮ್ಸನ ಹೊಸ ಅವತಾರ

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದು ದೋಷವೆಂದು ಯಾರೂ ಹೇಳಲಾರರು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವಿಲ್ಲ, ಉಂಗುರವೂ ಇಲ್ಲ. ಅವೆರಡನ್ನೂ ಕಾಳಿದಾಸನು ತಂದು ಸೇರಿಸಿದನು. ಸೇರಿಸಿದುದರಿಂದ ದುಷ್ಯಂತನ ನಿರಾಕರಣವು ವಂಚನೆಯಾಗದೆ ದುರ್ದೈವವಾಯಿತು. ಪ್ರೇಕ್ಷಕನು ರಾಜನನ್ನು ಹಳಿಯದೆ ಅವನೊಡನೆ ಮರುಗುವಂತಾಯಿತು. ಮೂಲಕಥೆಯಲ್ಲಿ ರಸಕ್ಕೆ ಒಗ್ಗದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ಉಚಿತವಾದುದನ್ನು ಕಲ್ಪಿಸಿಕೊಳ್ಳಬಹುದೆಂದು ಧ್ವನ್ಯಾಲೋಕಕಾರನಾದ ಆನಂದವರ್ಧನನೂ ಒಪ್ಪಿರುತ್ತಾನೆ. ಆದುದರಿಂದ ಇಂಥ ಕೃತಿಯ ವಿಷಯದಲ್ಲಿ ವಿಮರ್ಶಕನು ಕೇಳತಕ್ಕ ಪ್ರಶ್ನೆಯು ಒಂದೇ: ಮಾರ್ಪಾಟಿನಿಂದ ಯಾವ ರಸವು ಬೆಳೆಯಿತು, ಯಾವುದು ಸೊರಗಿತು?

ಆಂಗ್ಲ ದೇಶದ ಬಿ.ಬಿ.ಸಿ. ಸಂಸ್ಥೆಯು 2010ರಿಂದ 2017ರ ವರೆಗೆ ಬಿತ್ತರಿಸಿದ ‘ಷರ್ಲಾಕ್’ ಎಂಬ ದೂರದರ್ಶನ ಮಾಲೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಯೋಗ್ಯವಾಗಿದೆ. ಸ್ಟೀವನ್ ಮೊಫ್ಯಾಟ್, ಮಾರ್ಕ್ ಗೇಟಿಸ್ ಎಂಬವರು ಇದರ ನಿರ್ಮಾತೃಗಳು. ಬೆನೆಡಿಕ್ಟ್ ಕಂಬರ್‌ಬ್ಯಾಚನು ಹೋಮ್ಸನಾಗಿಯೂ, ಮಾರ್ಟಿನ್ ಫ್ರೀಮನ್ನನು ಡಾಕ್ಟರ ವಾಟ್ಸನ್ನನಾಗಿಯೂ ಅಭಿನಯಿಸಿರುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಮನೆಗಳ ಮಕ್ಕಳು ಇಂದು ಈ ಹೋಮ್ಸನನ್ನು ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತಾರೆ. ಶಿರೋಳದಂಥ ಊರಿಗೂ ಲಂಡನ್ನಿನ ಬೇಕರ್ ಬೀದಿಯು ಈಗ ದೂರವಲ್ಲ. ಮಾಲೆಯ ಪ್ರಥಮ ಭಾಗವಾದ ‘ಎ ಸ್ಟಡಿ ಇನ್ ಪಿಂಕ್’ ಎಂಬುದು 2010ನೆಯ ಜುಲೈ 25ರಂದು ಬಿತ್ತರವಾಯಿತು. ಇದು ಆರ್ಥರ್ ಕಾನನ್ ಡಾಯಲನು 1887ರಲ್ಲಿ ಪ್ರಕಟಿಸಿದ ಮೊದಲ ಹೋಮ್ಸ್ ಕಥೆಯಾದ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಎಂಬುದರ ರೂಪಾಂತರವು. ಕೆಂಪಿದ್ದುದು ಗುಲಾಬಿಯಾಯಿತು, ಬಣ್ಣದೊಡನೆ ಬದಲಾದುದು ಇನ್ನೂ ಬಹಳವಿದೆ.

ಮೂಲಕಥೆಯ ಸಾರವಿಷ್ಟು. ಲಂಡನ್ನಿನ ಪಾಳುಮನೆಯೊಂದರಲ್ಲಿ ಡ್ರೆಬ್ಬರನೆಂಬ ಅಮೇರಿಕನನ ಶವವು ಸಿಕ್ಕುತ್ತದೆ. ಮೈಮೇಲೆ ಗಾಯವಿಲ್ಲ, ಗೋಡೆಯ ಮೇಲೆ ಮಾತ್ರ ರಕ್ತದಿಂದ ‘ರಾಖೆ’ ಎಂದು ಬರೆದಿದೆ. ಪೋಲೀಸ ಅಧಿಕಾರಿಯಾದ ಲೆಸ್ಟ್ರೇಡನು ಇದನ್ನು ‘ರೇಚಲ್’ ಎಂಬ ಹೆಂಗಸಿನ ಅರ್ಧ ಬರೆದ ಹೆಸರೆಂದು ತಿಳಿಯುತ್ತಾನೆ. ಜರ್ಮನ ಭಾಷೆಯಲ್ಲಿ ಅದಕ್ಕೆ ಸೇಡು ಎಂದರ್ಥವೆಂದು ಹೋಮ್ಸನು ತಿದ್ದುತ್ತಾನೆ. ಕೊಲೆಗಾರನು ಜೆಫರ್ಸನ್ ಹೋಪನೆಂಬ ಬಾಡಿಗೆ ಕುದುರೆಗಾಡಿಯವನು. ಅವನು ಪ್ರೀತಿಸಿದ ಲೂಸಿಯ ಸಾಕುತಂದೆಯ ಕೊಲೆಯಾದ ಮೇಲೆ, ಅವಳನ್ನು ಬಲಾತ್ಕಾರದಿಂದ ಮದುವೆಯಾದವನು ಈ ಡ್ರೆಬ್ಬರನು. ಒಂದು ತಿಂಗಳೊಳಗಾಗಿ ಅವಳು ಎದೆಯೊಡೆದು ಸತ್ತಳು. ಹೋಪನು ಅವಳ ಶವದ ಬೆರಳಿನಿಂದ ಉಂಗುರವನ್ನು ತೆಗೆದುಕೊಂಡು, ವರ್ಷಾನುಗಟ್ಟಲೆ ಶತ್ರುಗಳ ಬೆನ್ನು ಹತ್ತಿ, ಎರಡು ಖಂಡಗಳನ್ನು ಸುತ್ತಿ ಲಂಡನ್ನಿಗೆ ಬಂದಿರುತ್ತಾನೆ.

ಹೊಸ ಕಥೆಯಲ್ಲಿ ಕುದುರೆಗಾಡಿಯವನು ಟ್ಯಾಕ್ಸಿಯವನಾಗಿದ್ದಾನೆ. ಊರೊಳಗೆ ಯಾರ ಕಣ್ಣಿಗೂ ಬೀಳದೆ ಎಲ್ಲೆಲ್ಲಿಯೂ ಸಂಚರಿಸಬಲ್ಲವನು ಗಾಡಿ ಹೊಡೆಯುವವನೇ ಎಂಬ ಡಾಯಲನ ಯುಕ್ತಿಯು ನೂರಿಪ್ಪತ್ತು ವರ್ಷಗಳ ಮೇಲೆಯೂ ಮುಪ್ಪಾಗಿಲ್ಲ. ವಾಟ್ಸನ್ನನು 1880ರ ಮೈವಂದ ಕಾಳಗದಲ್ಲಿ ಗಾಯಗೊಂಡು ಅಫಘಾನಿಸ್ಥಾನದಿಂದ ಮರಳಿದವನಷ್ಟೆ. ಹೊಸ ವಾಟ್ಸನ್ನನೂ ಅದೇ ದೇಶದ ಇನ್ನೊಂದು ಯುದ್ಧದಿಂದಲೇ ಬಂದಿದ್ದಾನೆ. ಕಥೆಗಾರರಿಗೆ ಇದು ಬಯಸದೆ ಬಂದ ಭಾಗ್ಯವು, ಲೋಕಕ್ಕೆ ಮಾತ್ರ ಭಾಗ್ಯವಲ್ಲ. 1890ರ ಎರಡನೆಯ ಕಾದಂಬರಿಯಲ್ಲಿ ಹೋಮ್ಸನು ಕಿಸೆಗಡಿಯಾರದ ಗೀರುಗಳಿಂದ ಅದರ ಒಡೆಯನ ಕುಡಿತವನ್ನು ಊಹಿಸಿದರೆ, ಇಲ್ಲಿ ಮೊಬೈಲಿನ ಗೀರುಗಳಿಂದ ಊಹಿಸುತ್ತಾನೆ. ಅದು ವಾಟ್ಸನ್ನನ ಅಣ್ಣನದೆಂದು ಅವನು ಹೇಳಲು, ಅಣ್ಣನಲ್ಲ, ಅಕ್ಕ-ತಂಗಿಯ ಸಂಬಂಧದವಳೆಂದು ಗೊತ್ತಾಗುತ್ತದೆ. ಸರ್ವಜ್ಞನೂ ಒಂದು ಅಕ್ಷರದಷ್ಟು ತಪ್ಪುವುದು ರುಚಿಕರವಾಗಿದೆ.

ಇವೆಲ್ಲವೂ ಉಡುಗೆಯ ಬದಲಾವಣೆಗಳು. ಒಳಗನ್ನು ಮುಟ್ಟಿದ ಮಾರ್ಪಾಟುಗಳು ಎರಡು. ಅವುಗಳಲ್ಲಿ ಮೊದಲನೆಯದು ಉತ್ಕೃಷ್ಟವಾದುದು. ಗುಲಾಬಿ ಉಡುಪಿನ ಹೆಂಗಸೊಬ್ಬಳು ಸಾಯುವಾಗ ಉಗುರಿನಿಂದ ನೆಲವನ್ನು ಕೆರೆದು ಅದೇ ಶಬ್ದವನ್ನು ಬರೆದಿರುತ್ತಾಳೆ. ಈ ಸಲ ಜರ್ಮನ ಅರ್ಥವನ್ನು ಹೇಳುವವನು ಪೋಲೀಸರ ಕಡೆಯವನು. ಅದನ್ನು ಧಿಕ್ಕರಿಸಿ ‘ರೇಚಲ್’ ಎಂದು ಪೂರ್ತಿ ಮಾಡುವವನು ಹೋಮ್ಸನು. ರೇಚಲ್ ಎಂಬುದು ಹದಿನಾಲ್ಕು ವರ್ಷಗಳ ಹಿಂದೆ ಆ ಹೆಂಗಸಿನ ಗರ್ಭದಲ್ಲಿಯೇ ತೀರಿದ ಕೂಸಿನ ಹೆಸರು. ಕೊಲೆಗಾರನನ್ನು ತೋರಿಸಿಕೊಡುವ ಗುಪ್ತಸಂಕೇತವೂ ಅದೇ. ಮೂಲವನ್ನು ಓದಿದವನು ನಗುತ್ತಾನೆ, ಮರುಕ್ಷಣವೇ ನಗೆಯು ಗಂಟಲಲ್ಲಿ ನಿಲ್ಲುತ್ತದೆ. ಅಷ್ಟು ವರ್ಷಗಳ ಮೇಲೆಯೂ ಆಕೆ ಏತಕ್ಕೆ ದುಃಖಿಸಬೇಕೆಂದು ಹೋಮ್ಸನು ಕೇಳಿದಾಗ ಕೋಣೆಯೆಲ್ಲ ಸ್ತಬ್ಧವಾಗುತ್ತದೆ. ಆಡಬಾರದ್ದನ್ನು ಆಡಿದೆನೆಂಬುದನ್ನು ವಾಟ್ಸನ್ನನ ಮುಖವನ್ನು ನೋಡಿ ಅವನು ತಿಳಿದುಕೊಳ್ಳಬೇಕಾಗುತ್ತದೆ. ಡಾಯಲನಲ್ಲಿ ಸತ್ತವನು ದುಷ್ಟನಾದುದರಿಂದ ಅವನಿಗಾಗಿ ಯಾರೂ ಮರುಗುವುದಿಲ್ಲ. ಇಲ್ಲಿ ಶವಕ್ಕೊಂದು ಬಾಳು ಬಂದಿದೆ, ಸೇಡಿನ ಶಬ್ದವು ತಾಯಿಯ ಶಬ್ದವಾಗಿದೆ. ಕಾಳಿದಾಸನ ಜಾತಿಗೆ ಸೇರಿದ ಮಾರ್ಪಾಟೆಂದರೆ ಇದೇ.

ಎರಡನೆಯದರ ಮಾತು ಬೇರೆ. ಮೂಲದ ಹೋಪನು ಶತ್ರುವನ್ನು ಇರಿದು ಕೊಲ್ಲಬಹುದಾಗಿತ್ತು, ಹಾಗೆ ಮಾಡಲಿಲ್ಲ. ಎರಡು ಗುಳಿಗೆಗಳನ್ನು ಮುಂದಿಟ್ಟನು. ಒಂದರಲ್ಲಿ ವಿಷ, ಇನ್ನೊಂದರಲ್ಲಿ ಏನೂ ಇಲ್ಲ. ಡ್ರೆಬ್ಬರನು ಒಂದನ್ನು ಆರಿಸಿ ನುಂಗಬೇಕು, ಉಳಿದುದನ್ನು ಹೋಪನೇ ನುಂಗಬೇಕು. ಭೂಮಿಯ ಮೇಲೆ ನ್ಯಾಯವುಂಟೋ ಇಲ್ಲವೋ ದೇವರೇ ತೋರಿಸಲಿ ಎಂಬುದು ಅವನ ಸಂಕಲ್ಪ. ಧರ್ಮಶಾಸ್ತ್ರವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ಐದು ದಿವ್ಯಗಳನ್ನು ಹೇಳಿದೆ. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮಾನುಷ ಪ್ರಮಾಣಗಳು ಇಲ್ಲದಲ್ಲಿ ಮಾತ್ರ ದೈವದ ಮೊರೆ ಹೋಗತಕ್ಕದ್ದು. ಲೂಸಿಯ ಪಕ್ಷಕ್ಕೆ ಯಾವ ನ್ಯಾಯಾಲಯವೂ ಉಳಿದಿರಲಿಲ್ಲ. ಆದುದರಿಂದ ಹೋಪನು ವಿಷದಿವ್ಯವನ್ನೇ ಏರ್ಪಡಿಸಿದನು. ಸ್ಮೃತಿಯ ದಿವ್ಯದಲ್ಲಿ ವಿಷವನ್ನು ಕುಡಿಯುವವನು ಆರೋಪಿತನೊಬ್ಬನೇ. ಇಲ್ಲಿ ಆರೋಪಿಸಿದವನೂ ಪ್ರಾಣವನ್ನು ತಕ್ಕಡಿಯಲ್ಲಿಡುತ್ತಾನೆ. ಎರಡನೆಯ ಶತ್ರುವು ಗುಳಿಗೆಯನ್ನು ಒಲ್ಲದೆ ಮೈಮೇಲೆ ಬಿದ್ದಾಗ ಹೋಪನು ಇರಿಯುವುದುಂಟು. ಅವನ ಕೃತ್ಯವು ನಿರ್ದೋಷವೆಂದು ಯಾರೂ ಹೇಳಲಾರರು. ಆದರೂ ಸೆರೆಯಲ್ಲಿ ಎದೆಯ ರಕ್ತನಾಳವು ಒಡೆದು, ಮುಖದಲ್ಲಿ ಶಾಂತಿಯನ್ನು ತಳೆದು ಅವನು ಸತ್ತುದನ್ನು ಓದಿದಾಗ ಮನಸ್ಸು ಭಾರವಾಗುತ್ತದೆ.

ಹೊಸ ಕಥೆಯಲ್ಲಿಯೂ ಎರಡು ಗುಳಿಗೆಗಳಿವೆ, ರಕ್ತನಾಳದ ರೋಗವೂ ಇದೆ. ಆದರೆ ಟ್ಯಾಕ್ಸಿಯವನಿಗೆ ಸತ್ತವರ ಮೇಲೆ ಯಾವ ಹಗೆಯೂ ಇಲ್ಲ. ಒಂದೊಂದು ಕೊಲೆಗೆ ಅವನ ಮಕ್ಕಳಿಗೆ ಇಷ್ಟು ಹಣವೆಂದು ತೆರೆಯ ಮರೆಯಲ್ಲಿರುವ ಮೊರಿಯಾರ್ಟಿಯು ಗೊತ್ತುಮಾಡಿದ್ದಾನೆ. ಗುಳಿಗೆಯ ಆಯ್ಕೆಯು ದೈವದ ಮಾತಲ್ಲ, ಚದುರಂಗದ ಆಟವೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಅವನು ತೋರಿಸುವ ಪಿಸ್ತೂಲು ಸಿಗರೇಟು ಹೊತ್ತಿಸುವ ಆಟಿಕೆಯೆಂದು ಗೊತ್ತಾದ ಮೇಲೆಯೂ, ತನ್ನ ಆಯ್ಕೆಯು ಸರಿಯೇ ಎಂದು ತಿಳಿಯುವ ಚಪಲದಿಂದ ಹೋಮ್ಸನು ಗುಳಿಗೆಯನ್ನು ಬಾಯಿಯ ವರೆಗೆ ಒಯ್ಯುತ್ತಾನೆ. ಎದುರಿನ ಕಟ್ಟಡದಿಂದ ವಾಟ್ಸನ್ನನು ಗುಂಡು ಹಾರಿಸುತ್ತಾನೆ. ಸಾಯುತ್ತಿರುವವನ ಗಾಯವನ್ನು ಹೋಮ್ಸನು ಕಾಲಿನಿಂದ ಮೆಟ್ಟಿ ಒಡೆಯನ ಹೆಸರನ್ನು ಹೊರಡಿಸುತ್ತಾನೆ. ಅನಂತರ ಗೆಳೆಯರಿಬ್ಬರೂ ನಗುತ್ತ ಊಟಕ್ಕೆ ಹೊರಡುತ್ತಾರೆ. ದಿವ್ಯವು ಪಂದ್ಯವಾಯಿತು.

ಇದಕ್ಕೆ ಸಮಾಧಾನವನ್ನು ಹೇಳಲು ಬಾರದೆಂದಲ್ಲ. ಡಾಯಲನು ಅಮೇರಿಕದ ಮೊರ್ಮನ್ ಪಂಥದವರನ್ನು ಕ್ರೂರಿಗಳಾಗಿ ಚಿತ್ರಿಸಿದುದು ಅನ್ಯಾಯವೆಂಬ ಆಕ್ಷೇಪವು ಹಳೆಯದು. ಅದನ್ನು ಬಿಟ್ಟುದು ವಿವೇಕವೇ. ಕಾದಂಬರಿಯ ಎರಡನೆಯ ಭಾಗವು ಬೇಕರ್ ಬೀದಿಯನ್ನು ತೊರೆದು ಐದು ಅಧ್ಯಾಯಗಳ ತನಕ ಅಮೇರಿಕದಲ್ಲಿ ಅಲೆಯುವುದರಿಂದ ಕಟ್ಟಡವು ಬಿರುಕುಬಿಟ್ಟಿರುವುದೂ ನಿಜ. ಒಂದೂವರೆ ತಾಸಿನ ಆಟದಲ್ಲಿ ಅಷ್ಟಕ್ಕೆ ಎಡೆಯಿಲ್ಲ. ಆದರೆ ಪಂಥವನ್ನು ಬಿಟ್ಟರೆ ಅನ್ಯಾಯವನ್ನೂ ಬಿಡಬೇಕಾಗಿರಲಿಲ್ಲ. ಬಾಡಿಗೆ ಗಾಡಿಯವನ ಮೇಲೆ ನಡೆಯಬಹುದಾದ ಅನ್ಯಾಯಗಳಿಗೆ ಇಂದಿನ ಲಂಡನ್ನಿನಲ್ಲಿ ಬರಗಾಲವಿರಲಾರದು.

ಈ ಸೀಮೆಯ ಜನರು ಸಂಗ್ಯಾ-ಬಾಳ್ಯಾ ಸಣ್ಣಾಟವನ್ನು ರಾತ್ರಿಯೆಲ್ಲ ಕುಳಿತು ನೋಡುತ್ತ ಬಂದಿದ್ದಾರೆ. ಅದರಲ್ಲಿಯೂ ಕೊಲೆಯಿದೆ. ಕೊಲ್ಲುವವರಾರು, ಏತಕ್ಕೆ ಕೊಲ್ಲುತ್ತಾರೆಂಬುದು ಎಳೆಯ ಹುಡುಗನಿಗೂ ಮೊದಲೇ ಗೊತ್ತು. ಪತ್ತೆಮಾಡತಕ್ಕುದು ಏನೂ ಉಳಿದಿಲ್ಲ. ಆದರೂ ಗೆಳೆಯನು ಗೆಳೆಯನಿಗೆ ಎರಡು ಬಗೆವ ಗಳಿಗೆಯು ಬಂದಾಗ ಕೂಟವು ಉಸಿರು ಬಿಗಿಹಿಡಿಯುತ್ತದೆ. ಗುಟ್ಟು ಒಡೆದ ಮೇಲೆಯೂ ಉಳಿಯುವಂಥದು ಕಥೆಯಲ್ಲಿರಬೇಕೆಂಬುದಕ್ಕೆ ಬೇರೆ ಪ್ರಮಾಣ ಬೇಡ.

‘ಎ ಸ್ಟಡಿ ಇನ್ ಪಿಂಕ್’ ಎಂಬುದನ್ನು ಎರಡನೆಯ ಸಲ ನೋಡುವವನಿಗೆ ಟ್ಯಾಕ್ಸಿಯವನಲ್ಲಿ ಉಳಿಯುವುದು ಸ್ವಲ್ಪವೇ. ನೆಲವನ್ನು ಕೆರೆದ ಆ ಹೆಂಗಸಿನ ಉಗುರುಗಳು ಮಾತ್ರ ಮೊದಲಿಗಿಂತಲೂ ಹೆಚ್ಚಾಗಿ ನೋಯಿಸುತ್ತವೆ. ಅದ್ಭುತರಸದಲ್ಲಿ ಹೊಸಬರು ಡಾಯಲನನ್ನು ಮೀರಿಸಿದ್ದಾರೆ. ಕರುಣವನ್ನು ಕೊಂದವನಿಂದ ತೆಗೆದು ಸತ್ತವಳಿಗೆ ಕೊಟ್ಟುದು ಅವರ ಹಿರಿಮೆ. ನ್ಯಾಯದ ಹಸಿವನ್ನು ಮಾತ್ರ ಯಾರಿಗೂ ಕೊಡದೆ ಕೈಬಿಟ್ಟರು. ಮನೆಯ ಮಕ್ಕಳು ಈ ಮಾಲೆಯನ್ನು ಅವಶ್ಯವಾಗಿ ನೋಡಲಿ. ನೋಡಿದ ಮೇಲೆ ಹಿರಿಯರು ಹಳೆಯ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಹೋಪನು ತಾನೂ ಒಂದು ಗುಳಿಗೆಯನ್ನು ಏಕೆ ನುಂಗಿದನೆಂದು ಕೇಳಲಿ.