ಇದ್ದಿದ್ರ ಹೆಂಗಿರ್ತಿತ್ತು?

ಈ ವಾರ ಶ್ರೀ ರಾಗದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಕೊಟ್ಟ ಮಾತಿನಂತೆ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಡಿ.ವಿ. ಪಲುಸ್ಕರರ ಶ್ರೀ ಹಾಕಿಕೊಂಡು ಕೂತೂ ಆಗಿತ್ತು. ಅಷ್ಟರಲ್ಲಿ ನಮ್ಮ ಓಣಿಯ ವಕೀಲರು ಬಂದರು. ಕಣ್ಣು ಮುಚ್ಚಿ ಕೇಳಿದರು, ಚಹಾ ಮುಗಿಸಿ ಬಸಿ ಕೆಳಗಿಟ್ಟರು, "ಅಲ್ರೀ, ಈ ಮನಷ್ಯಾ ಇನ್ನೊಂದ್ ನಲವತ್ತು ವರ್ಷ ಇದ್ದಿದ್ರ ಭೀಮಸೇನ್ ಜೋಶಿ ಎಲ್ಲಿರ್ತಿದ್ರು, ಹೇಳ್ರಿ?" ಎಂದರು. ಶ್ರೀ ರಾಗ ಅಲ್ಲಿಗೇ ನಿಂತಿತು. ಸಂಪಾದಕರು ಕ್ಷಮಿಸಬೇಕು.

ವಕೀಲರಿಗೆ ಪ್ರತಿ ಅಕ್ಟೋಬರಿನಲ್ಲಿ ಈ ಪ್ರಶ್ನೆ ಮರುಕಳಿಸುತ್ತದೆ. ಪಲುಸ್ಕರರು ತೀರಿಕೊಂಡದ್ದು 1955ರ ಅಕ್ಟೋಬರ್ ಕೊನೆಯ ವಾರ, ಮಿದುಳಿನ ಉರಿಯೂತದಿಂದ. ಆಗ ವಯಸ್ಸು 34. ಅದೇ ತಿಂಗಳ 27ರಂದು, 1937ರಲ್ಲಿ, ಅಬ್ದುಲ್ ಕರೀಂ ಖಾನರು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟವರು ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು ಅಲ್ಲೇ ಪ್ರಾಣ ಬಿಟ್ಟರು. ಆದರೆ ಖಾನ್‌ಸಾಹೇಬರ ಬಗ್ಗೆ "ಇದ್ದಿದ್ರ" ಎಂದು ಯಾರೂ ಹಲುಬುವುದಿಲ್ಲ. ಅರವತ್ತು ದಾಟಿತ್ತು, ಹಿಂದೆ ಸವಾಯಿ ಗಂಧರ್ವರಿದ್ದರು, ರೋಶನಾರಾ ಬೇಗಂ ಇದ್ದರು. ಹಾಡು ಇನ್ನೊಬ್ಬರ ಗಂಟಲಿಗೆ ಇಳಿದಿತ್ತು. ಪಲುಸ್ಕರರಿಗೆ ಕಲಿಸುವ ವಯಸ್ಸೇ ಬಂದಿರಲಿಲ್ಲ.

ಅವರ ಬದುಕಿನಲ್ಲಿ "ಇದ್ದಿದ್ದರೆ" ಎನ್ನುವುದು ಮೊದಲು ಅಪ್ಪನ ಬಗ್ಗೆಯೇ ಕೇಳಬೇಕಾದ ಮಾತು. ಲಾಹೋರಿನಲ್ಲಿ 1901ರಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿದ ವಿಷ್ಣು ದಿಗಂಬರರು 1931ರಲ್ಲಿ ಹೋದಾಗ ಹುಡುಗನಿಗೆ ಹತ್ತು ವರ್ಷ. ಅಪ್ಪನ ಹಾಡನ್ನು ಮಗ ಕಲಿತದ್ದು ಅಪ್ಪನ ಶಿಷ್ಯರಾದ ವಿನಾಯಕಬುವಾ ಪಟವರ್ಧನ್, ನಾರಾಯಣರಾವ್ ವ್ಯಾಸರಿಂದ. ಹದಿನಾಲ್ಕಕ್ಕೆ ಜಾಲಂಧರದ ಹರಿವಲ್ಲಭ ಸಮ್ಮೇಳನದಲ್ಲಿ ಹಾಡಿದ. ಅಲ್ಲಿಂದ ಮುಂದೆ ಉಳಿದದ್ದು ಇಪ್ಪತ್ತೇ ವರ್ಷ.

ಇಲ್ಲಿ ಒಂದು ಹಳೆಯ ಬಾಕಿ ತೀರಿಸಿಬಿಡುತ್ತೇನೆ. ನಮ್ಮಲ್ಲಿ ಕೆಲವು ರೆಕಾರ್ಡು ಸಂಗ್ರಾಹಕರಿದ್ದಾರೆ. ಈ ಅಂಕಣದಲ್ಲಿ ಅವರನ್ನು ನಾನು "ಮೂರು ನಿಮಿಷದವರು" ಎಂದು ಕರೆದು ಬೈಸಿಕೊಂಡದ್ದು ಹಳೆಯ ಓದುಗರಿಗೆ ನೆನಪಿರಬಹುದು. ಪಲುಸ್ಕರರಿಗೆ ಇನ್ನು ಸಾಧಿಸುವುದು ಏನೂ ಉಳಿದಿರಲಿಲ್ಲ, ಆ ಮೂರು ನಿಮಿಷದಲ್ಲೇ ಎಲ್ಲ ಬಂದಿದೆ, ಬದುಕಿದ್ದರೆ ಹದ ಕೆಡುತ್ತಿತ್ತು ಎನ್ನುವುದು ಇವರ ವಾದ. ಸಾವನ್ನು ಒಳ್ಳೆಯ ಎಡಿಟರ್ ಮಾಡಿಬಿಡುವ ಈ ರಸಿಕತೆ ನನಗೆ ಎಂದೂ ಒಗ್ಗಿಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಗೌಡ ಸಾರಂಗದ ಆ ತಟ್ಟೆ ಕೇಳಿ: ಬಂದಿಶ್ ಬಂತು, ನಾಲ್ಕು ಬೋಲ್ ಆಲಾಪ ಬಂತು, ಮುತ್ತು ಪೋಣಿಸಿದ ಹಾಗೆ ತಾನ್ ಬಂತು, ಮುಗಿಯಿತು. ಎಲ್ಲೂ ಒಂದು ಎಳೆ ಜಾಸ್ತಿ ಇಲ್ಲ. ನಿಜ. ಆದರೆ ಆ ಅಚ್ಚುಕಟ್ಟು ಎಷ್ಟು ಪಲುಸ್ಕರರದು, ಎಷ್ಟು ತಟ್ಟೆಯದು? ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ಲಾಂಗ್‌ಪ್ಲೇ ರೆಕಾರ್ಡಿಗೆ ಸರೋದ್ ನುಡಿಸಿದ್ದು 1955ರಲ್ಲಿ. ಅದೇ ವರ್ಷ ಇವರು ಹೋದರು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಗುವ ಕಾಲ ಬಾಗಿಲಿಗೆ ಬಂದು ನಿಂತಾಗ ಈತ ಮನೆಯಲ್ಲಿರಲಿಲ್ಲ. ರೇಡಿಯೋದ ಧ್ವನಿಮುದ್ರಣಗಳು ಇಲ್ಲದಿದ್ದರೆ ಪಲುಸ್ಕರರಿಗೆ ವಿಲಂಬಿತವೂ ಬರುತ್ತಿತ್ತು ಎಂದು ಸಾಕ್ಷಿ ಹಾಕಬೇಕಾಗುತ್ತಿತ್ತು.

1952ರ 'ಬೈಜು ಬಾವ್ರಾ' ಚಿತ್ರದ ದೇಸಿ ರಾಗದ ಸ್ಪರ್ಧೆ ಎಲ್ಲರಿಗೂ ಗೊತ್ತು. ಬೈಜುವಿಗೆ ಪಲುಸ್ಕರ್ ಕಂಠ, ತಾನಸೇನನಿಗೆ ಅಮೀರ್ ಖಾನ್ ಕಂಠ. ಸಿನಿಮಾದಲ್ಲಿ ತಾನಸೇನ ಸೋಲುತ್ತಾನೆ. ಸೋತ ಕಂಠಕ್ಕೆ ಆಮೇಲೆ 1974ರವರೆಗೆ ಸಮಯ ಸಿಕ್ಕಿತು. ಆ ಅವಧಿಯಲ್ಲೇ ಒಂದು ಕಡೆ ಮಾರವಾ, ಇನ್ನೊಂದು ಕಡೆ ದರಬಾರಿ ಇರುವ ಲಾಂಗ್‌ಪ್ಲೇ ಬಂತು. ಅದನ್ನು ಕೇಳಿದ ಮೇಲೆ ಎಷ್ಟೋ ಗಾಯಕರು ತಮ್ಮ ವಿಲಂಬಿತದ ನಡಿಗೆಯನ್ನೇ ಬದಲಿಸಿಕೊಂಡರು. ದೇಸಿಯ ಆ ತುಣುಕು ಮಾತ್ರ ಕೇಳಿದವನಿಗೆ ಇಂಥದೊಂದು ಮಾರವಾ ಬರುತ್ತದೆಂದು ಊಹಿಸಲು ಸಾಧ್ಯವಿತ್ತೆ?

ನನ್ನ ತಕರಾರು ಇಲ್ಲಿಯೇ. "ಇದ್ದಿದ್ರ" ಎನ್ನುವವರು ಸತ್ತವರ ಖಾತೆಗೆ ಅದೇ ನಾಣ್ಯವನ್ನು ಇನ್ನಷ್ಟು ಜಮಾ ಮಾಡುತ್ತಾರೆ. 34ರ ಪಲುಸ್ಕರರನ್ನು ಹಾಗೇ ಎಳೆದು 80ಕ್ಕೆ ಮುಟ್ಟಿಸುತ್ತಾರೆ. ಮನುಷ್ಯರು ಹಾಗೆ ಬೆಳೆಯುವುದಿಲ್ಲ.

ಸುಳೇಭಾವಿಯ ಕುಮಾರ ಗಂಧರ್ವರನ್ನೇ ನೋಡಿ. ಪಲುಸ್ಕರರಿಗಿಂತ ಮೂರು ವರ್ಷ ಚಿಕ್ಕವರು. ಇಪ್ಪತ್ತೈದು ತುಂಬುವ ಮೊದಲೇ ಕ್ಷಯ ಹಿಡಿಯಿತು. ದೇವಾಸಿನ ಮನೆಯಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕೈಗೆ ಸಿಗುವ ಕಾಲ ಬರದೇ ಹೋಗಿದ್ದರೆ ಏನುಳಿಯುತ್ತಿತ್ತು? ಹತ್ತನೇ ವಯಸ್ಸಿಗೇ ದೊಡ್ಡವರ ರೆಕಾರ್ಡುಗಳನ್ನು ಹಾಗೇ ಒಪ್ಪಿಸುತ್ತಿದ್ದ ಅದ್ಭುತ ಬಾಲಕನ ನೆನಪು. ಮಾಳವದ ಜನಪದ ಧುನ್‌ಗಳಿಂದ ಎದ್ದ ರಾಗಗಳಾಗಲಿ, ಕಬೀರನ ನಿರ್ಗುಣ ಪದಗಳಾಗಲಿ, ಉಸಿರು ಸಾಲದ ಕಡೆ ಮೌನವನ್ನೇ ಸ್ವರದಂತೆ ಇಡುವ ಆ ರೀತಿಯಾಗಲಿ, ಯಾವುದೂ ಆ ಬಾಲಕನಲ್ಲಿ ಇರಲಿಲ್ಲ. ನಾವು "ಛೇ, ಇದ್ದಿದ್ದರೆ ಎಂಥ ಅನುಕರಣೆ ಮಾಡುತ್ತಿದ್ದ!" ಎಂದು ಮರುಗುತ್ತಿದ್ದೆವು.

ಇನ್ನು ನಮ್ಮ ಮನ್ಸೂರರು. ಇವರ ವಿಷಯ ಬಂದರೆ ಅಂಕಣದ ಜಾಗ ಸಾಲುವುದಿಲ್ಲ ಎಂದು ಓದುಗರಿಗೂ ಗೊತ್ತು, ಆದರೂ ಬಂದದ್ದಾಯಿತು.

ಪಲುಸ್ಕರರು ಹೋದ ವಯಸ್ಸಿಗೆ, ಅಂದರೆ 1945ರ ಸುಮಾರಿಗೆ, ಮಲ್ಲಿಕಾರ್ಜುನ ಮನ್ಸೂರರು ಹೋಗಿದ್ದರೆ? ನಾಟಕ ಕಂಪನಿಯ ಬಾಲನಟ, ಮೀರಜಿನ ನೀಲಕಂಠಬುವಾ ಅವರ ಶಿಷ್ಯ, ಒಂದಷ್ಟು ಗ್ರಾಮಫೋನ್ ತಟ್ಟೆ. ಧಾರವಾಡದಲ್ಲಿ ಒಂದು ಸಂತಾಪ ಸಭೆ ನಡೆಯುತ್ತಿತ್ತು, ಅಷ್ಟೆ. ದೇಶ ಅವರನ್ನು ಗಟ್ಟಿಯಾಗಿ ಕೇಳಿಸಿಕೊಂಡದ್ದು ಅರವತ್ತರ ಹೊಸ್ತಿಲಿನಲ್ಲಿ. ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ ತೀರಿಕೊಂಡ 1992ರಲ್ಲೇ. ಇವತ್ತು ಮೊಬೈಲಿನಲ್ಲಿ ಹುಡುಗರು ಕೇಳುವ ಮನ್ಸೂರರು ಬಹುಪಾಲು ಅರವತ್ತು ದಾಟಿದ ಮನ್ಸೂರರು.

ಏಕನಿಷಾದ ಬಿಹಾಗಡಾ ಎಂಬ ರಾಗ ಅವರದೇ ಎನ್ನುವಷ್ಟು ಅವರಿಗೆ ಅಂಟಿಕೊಂಡಿದೆ. ಮಾಮೂಲಿ ಬಿಹಾಗಡಾದಲ್ಲಿ ಕೋಮಲ ನಿಷಾದ ಇಣುಕುತ್ತದೆ, ಅದರಿಂದಲೇ ಅದು ಬಿಹಾಗ್ ಅಲ್ಲವೆಂದು ತಿಳಿಯುವುದು. ಇಲ್ಲಿ ಆ ಗುರುತಿನ ಚೀಟಿಯನ್ನೇ ಕಿತ್ತು ಹಾಕಿದ್ದಾರೆ. ಸ್ವರಗಳು ಬಿಹಾಗಿನವು, ರಾಗ ಮಾತ್ರ ಅದಲ್ಲ. ನಡೆಯಲ್ಲೇ ಬೇರೆ ಮಾಡಿ ತೋರಿಸಬೇಕು. ಮನ್ಸೂರರು ಪೀಠಿಕೆ ಹಾಕುವವರಲ್ಲ. ತಂಬೂರಿ ಕೂಡುತ್ತಲೇ ಬಂದಿಶ್ ಎತ್ತಿಬಿಡುತ್ತಿದ್ದರು. ಒಂದೇ ಉಸಿರಿನಲ್ಲಿ ಮಾತ್ರೆಗಳ ಮೇಲೆ ಅಡ್ಡಡ್ಡ ಹಾಯ್ದು, ಇನ್ನು ಸಮ ತಪ್ಪಿತು ಎಂದು ನಾವು ತೊಡೆ ಗಟ್ಟಿಯಾಗಿ ಹಿಡಿದು ಕೂತಿರುವಾಗ, ಯಾವಾಗಲೋ ಅಲ್ಲಿಗೆ ಬಂದು ಕಾಯುತ್ತಿದ್ದವರ ಹಾಗೆ ಸಮದ ಮೇಲಿರುತ್ತಿದ್ದರು. ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಎಪ್ಪತ್ತು ದಾಟಿದ ಆ ಒಣಕಲು ಕೊರಳಿನ ನರಗಳು ತಂಬೂರಿಯ ತಂತಿಯಂತೆ ಎದ್ದಿದ್ದವು, ಮುಖದಲ್ಲಿ ಮಾತ್ರ ಮಗುವಿನ ತುಂಟತನ.

ಇದಕ್ಕೆ ಹಿಂದೊಂದು ಸಾವಿದೆ. ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಮುಂಬಯಿಯಲ್ಲಿ ಮನ್ಸೂರರಿಗೆ ಕಲಿಸಿದ್ದು ಒಂದೂವರೆ ವರ್ಷದಷ್ಟೇ. 1937ರಲ್ಲಿ, ಕರೀಂ ಖಾನರು ಹೋದ ಅದೇ ವರ್ಷ, ಅವರೂ ಹೋದರು, ಇನ್ನೂ ಐವತ್ತಾಗಿರಲಿಲ್ಲ. ಮಗನ ನಂತರ ಅಪ್ಪ ಒಂಬತ್ತು ವರ್ಷ ಬದುಕಿದ್ದರು. ಮನ್ಸೂರರು ಮಂಜಿ ಖಾನರ ತಮ್ಮ ಭೂರ್ಜಿ ಖಾನರ ಬಳಿ ಕಲಿಕೆ ಮುಂದುವರಿಸಿದರು. ಮಂಜಿ ಖಾನರು ಆ ಮನೆಯಲ್ಲೇ ಸ್ವಲ್ಪ ಬೇಲಿ ಹಾರುವ ಜೀವ, ರಹಿಮತ್ ಖಾನರ ಗಾಯನಕ್ಕೆ ಮನಸೋತವರು. ಅವರು ಇನ್ನೂ ಇಪ್ಪತ್ತು ವರ್ಷ ಇದ್ದಿದ್ದರೆ ಮನ್ಸೂರರ ಹಾಡು ಬೇರೆಯೇ ದಾರಿ ಹಿಡಿಯುತ್ತಿತ್ತು, ಖಟ್, ಬಿಹಾರಿ, ಸಂಪೂರ್ಣ ಮಾಲಕೌಂಸಗಳ ಆ ಕಣಜ ಅಷ್ಟು ತುಂಬುತ್ತಿರಲಿಲ್ಲ ಎಂದು ನನ್ನ ಎಣಿಕೆ. ಎಣಿಕೆ ಎಂದೆ. ವಕೀಲರನ್ನು ಬೈದು ನಾನೂ ಅದೇ ಆಟ ಆಡುತ್ತಿದ್ದೇನೆ.

ಇಷ್ಟನ್ನೂ ವಕೀಲರಿಗೆ ಹೇಳಿದೆ. ಪಲುಸ್ಕರರು ಭಜನೆ ಹಾಡುವುದನ್ನೇ ಬಿಟ್ಟುಬಿಡುತ್ತಿದ್ದರೋ ಏನೋ, ಯಾರಿಗೆ ಗೊತ್ತು. ನೀವು ಅಳುತ್ತಿರುವ ಪಲುಸ್ಕರ್ ಇಲ್ಲೇ ತಟ್ಟೆಯಲ್ಲಿದ್ದಾರೆ, ಕಳೆದುಹೋದವರನ್ನು ನಾವು ಯಾರೂ ಕೇಳಿಯೇ ಇಲ್ಲ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಭಜನೆ ಬಿಡುವ ಮಾತು ಅವರಿಗೆ ಹಿಡಿಸಿರಲಿಲ್ಲ.

"ಅದೆಲ್ಲಾ ಇರ್ಲಿ," ಎಂದರು ಕೊನೆಗೆ. "ಭೀಮಸೇನ್ ಎಲ್ಲಿರ್ತಿದ್ರು, ಅದನ್ನ ಹೇಳ್ಲಿಲ್ಲಲ್ಲ?"

ನಾನು ಎದ್ದು ಶ್ರೀ ರಾಗವನ್ನು ಮೊದಲಿನಿಂದ ಹಾಕಿದೆ.