ಬಂದೂಕಿಗಿಂತ ಮೊದಲು ಕಸುಬನ್ನು ನೋಡಿ

ಜಪಾನಿನ ಟಿವಿಯಲ್ಲಿ ವರ್ಷಕ್ಕೆ ನಾಲ್ಕು ಸಲ, ಅಂದರೆ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರಿನಲ್ಲಿ, ಹೊಸ ಅನಿಮೆ ಸರಣಿಗಳು ಒಟ್ಟೊಟ್ಟಿಗೆ ಶುರುವಾಗುತ್ತವೆ. ಒಂದು ಸುತ್ತಿಗೆ ಸಾಮಾನ್ಯವಾಗಿ 12 ಅಥವಾ 13 ಕಂತು, ವಾರಕ್ಕೊಂದರಂತೆ ಮೂರು ತಿಂಗಳು. ಹೀಗಾಗಿ ಮೊದಲ ಕಂತಿನ ಮೇಲೆ ದೊಡ್ಡ ಹೊರೆ ಬೀಳುತ್ತದೆ. ಅರ್ಧ ಗಂಟೆಯೂ ಇಲ್ಲದ ಅವಧಿಯಲ್ಲಿ ಊರನ್ನು ತೋರಿಸಬೇಕು, ಜನರನ್ನು ಪರಿಚಯಿಸಬೇಕು, ಮುಂದಿನ ವಾರ ಮತ್ತೆ ಬರುವಂತೆ ನೋಡುಗರನ್ನು ಹಿಡಿದಿಡಬೇಕು. ಕತ್ತಲ ಗಲ್ಲಿ, ಗ್ಯಾಂಗು, ಬಂದೂಕು, ಸಿಗರೇಟಿನ ಹೊಗೆ ತುಂಬಿದ ಅಪರಾಧ ಕಥೆಗಳಿಗಂತೂ ಇದು ಕಷ್ಟದ ಕೆಲಸ. ರಕ್ತ ಹರಿಸಿ ಗಮನ ಸೆಳೆಯುವ ಸುಲಭದ ದಾರಿ ಪಕ್ಕದಲ್ಲೇ ಇರುತ್ತದೆ.

ಈ ಬಗೆಯ ಸರಣಿಗೆ ಹೊಸದಾಗಿ ಬರುವವರು ಮೊದಲ ಕಂತು ಮುಗಿದ ಕೂಡಲೇ ಫೈಟು ಹೇಗಿತ್ತು ಎಂದು ಕೇಳುತ್ತಾರೆ. ‘ಓಂ’ ಬಂದ 1995ರಿಂದ ಈಚೆಗೆ ಕನ್ನಡದ ರೌಡಿಸಂ ಚಿತ್ರಗಳನ್ನು ನೋಡಿಕೊಂಡು ಬೆಳೆದವರಿಗೆ ಅದು ಸಹಜವಾದ ಪ್ರಶ್ನೆಯೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆ ಇದೆ: ಇಲ್ಲಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಒಳ್ಳೆಯ ಅಪರಾಧ ಅನಿಮೆ ಇದಕ್ಕೆ ಮೊದಲ ಕಂತಿನಲ್ಲೇ ಉತ್ತರ ಕೊಡುತ್ತದೆ. ಆ ಉತ್ತರದಿಂದಲೇ ಮುಂದಿನ ಪ್ರತಿ ಗುಂಡಿಗೂ ತೂಕ ಬರುತ್ತದೆ.

2006ರ ಏಪ್ರಿಲಿನಲ್ಲಿ ಶುರುವಾದ ‘ಬ್ಲ್ಯಾಕ್ ಲಗೂನ್’ ಅನ್ನು ನೋಡಿ. ರೇ ಹಿರೋಯೆ ಅವರ ಮಂಗಾವನ್ನು, ಅಂದರೆ ಜಪಾನೀ ಚಿತ್ರಕಥೆಯನ್ನು, ಆಧರಿಸಿ ಮ್ಯಾಡ್‌ಹೌಸ್ ಸ್ಟುಡಿಯೊ ಮಾಡಿದ ಸರಣಿ ಇದು. ರೊಕುರೊ ಒಕಾಜಿಮಾ ಟೋಕಿಯೊದ ದೊಡ್ಡ ಕಂಪನಿಯ ಸಾಮಾನ್ಯ ನೌಕರ. ಬಿಳಿ ಶರ್ಟು, ಟೈ, ತಗ್ಗಿದ ತಲೆ. ಕಂಪನಿಯ ಗುಟ್ಟಿರುವ ಒಂದು ಡಿಸ್ಕನ್ನು ಹೊತ್ತು ದಕ್ಷಿಣ ಚೀನಾ ಸಮುದ್ರದಲ್ಲಿ ಹೋಗುತ್ತಿರುವಾಗ ಹಳೆಯ ಟಾರ್ಪಿಡೊ ದೋಣಿಯೊಂದರಲ್ಲಿ ಬಂದವರು ಅದನ್ನು ಕಸಿದುಕೊಳ್ಳುತ್ತಾರೆ. ಜೊತೆಗೆ ಅವನನ್ನೂ ಎಳೆದೊಯ್ಯುತ್ತಾರೆ. ಅವರ ಹೆಸರು ಲಗೂನ್ ಕಂಪನಿ. ಇವರು ಸಾಮಾನು ಸಾಗಿಸುವವರು. ಯಾರದೋ ಸರಕನ್ನು ಇನ್ಯಾರಿಗೋ ತಲುಪಿಸಿ ಕೂಲಿ ಪಡೆಯುವುದು ಇವರ ಕಸುಬು. ಒಡೆಯ ಡಚ್ ವಿಯೆಟ್ನಾಮಿನಲ್ಲಿ ಕಾದಾಡಿ ಬಂದವನು. ಯಂತ್ರ, ರೇಡಿಯೊ, ಲೆಕ್ಕಪತ್ರಗಳ ಕಡೆ ಬೆನ್ನಿ. ಬಂದೂಕಿನ ಕಡೆ ರೆವಿ.

ಈ ಕಂತಿನಲ್ಲಿ ನನ್ನನ್ನು ಅಲುಗಾಡಿಸಿದ ಜಾಗದಲ್ಲಿ ಗುಂಡಿನ ಸದ್ದೇ ಇಲ್ಲ. ಒತ್ತೆಯಾಳಾಗಿರುವ ರೊಕುರೊಗೆ ಅವನ ಮೇಲಧಿಕಾರಿ ತಣ್ಣನೆಯ ದನಿಯಲ್ಲಿ, ಕಂಪನಿಯ ಹಿತಕ್ಕಾಗಿ ನೀನು ಸತ್ತವರ ಲೆಕ್ಕಕ್ಕೆ ಸೇರಿದ್ದೀಯ ಎಂದು ತಿಳಿಸುವ ಗಳಿಗೆ ಅದು. ಜಪಾನಿನಲ್ಲಿ ತೊಂಬತ್ತರ ದಶಕದ ಆರಂಭಕ್ಕೆ ಆರ್ಥಿಕ ಉಬ್ಬರ ಇಳಿದಿತ್ತು. ಜೀವನಪೂರ್ತಿ ಒಂದೇ ಕಂಪನಿ, ಕಂಪನಿಯೇ ಮನೆ ಎಂಬ ನಂಬಿಕೆ ಸಡಿಲಾಗುತ್ತಿತ್ತು. ಕಥೆ ನಡೆಯುವುದೂ ಆ ದಶಕದಲ್ಲೇ. ಆದ್ದರಿಂದ ಕಡಲ್ಗಳ್ಳರ ನಡುವೆ ಕೂತ ಗುಮಾಸ್ತನ ಎದೆ ಒಡೆಯುವುದನ್ನು ಬರೀ ಕಥೆಯ ತಿರುವು ಎಂದು ದಾಟಿ ಹೋಗಬೇಡಿ. ಒಂದು ಕಡೆ ಕಾಗದದಲ್ಲಿ ಕೊಲ್ಲುವ ಕಂಪನಿ, ಇನ್ನೊಂದು ಕಡೆ ಬಂದೂಕಿನಲ್ಲಿ ಕೊಲ್ಲುವ ಕಂಪನಿ. ಎರಡನೆಯದರಲ್ಲಿ ಒಬ್ಬರಾದರೂ ಅವನ ಮುಖ ನೋಡಿ ಮಾತಾಡುತ್ತಾರೆ. ಎರಡನೇ ಕಂತಿನ ಕೊನೆಯಲ್ಲಿ ಅವನು ಹಳೆಯ ಹೆಸರನ್ನೂ ಹಳೆಯ ಕೆಲಸವನ್ನೂ ನಿರಾಕರಿಸಿ ದೋಣಿಯವರು ಇಟ್ಟ ‘ರಾಕ್’ ಎಂಬ ಹೆಸರಿನಲ್ಲೇ ಉಳಿಯುವ ತೀರ್ಮಾನಕ್ಕೆ ಬರುವುದು ಈ ಕಾರಣಕ್ಕೆ.

ಊರನ್ನೂ ಇದೇ ಕಣ್ಣಿನಿಂದ ನೋಡಬೇಕು. ಲಗೂನ್ ಕಂಪನಿ ನೆಲೆಸಿರುವ ರೋನಪುರ ಥಾಯ್ಲೆಂಡಿನಲ್ಲಿದೆ ಎಂದು ಕಲ್ಪಿಸಿಕೊಂಡ ಬಂದರು. ಬಂದರಿನ ಬಾಯಲ್ಲಿ ಪಾಳುಬಿದ್ದ ಬೃಹತ್ ಬುದ್ಧಮೂರ್ತಿಯಿದೆ. ಹೋಟೆಲ್ ಮಾಸ್ಕೊ ಎಂಬ ತಂಡವನ್ನು ನಡೆಸುವ ಬಾಲಲೈಕಾ ಮತ್ತು ಅವಳ ಹುಡುಗರು ಅಫ್ಘಾನಿಸ್ತಾನದ ಯುದ್ಧದಿಂದ ಮರಳಿದ ಸೋವಿಯತ್ ಯೋಧರು. ಮಿಸ್ಟರ್ ಚಾಂಗ್ ಹಾಂಗ್‌ಕಾಂಗಿನ ಟ್ರಯಡ್ ಎಂಬ ಅಪರಾಧಿ ಕೂಟದವನು. ಅಮೆರಿಕ ಸೋತ ಯುದ್ಧ, ಸೋವಿಯತ್ ಸೋತ ಯುದ್ಧ, ಜಪಾನಿನ ಕುಸಿದ ಮಾರುಕಟ್ಟೆ, ಇವೆಲ್ಲದರ ಅಳಿದುಳಿದ ಜನ ಒಂದೇ ಊರಿನಲ್ಲಿ ಬಂದು ನೆಲೆಸಿದ್ದಾರೆ. ಬೇರೆ ಕೆಲಸ ಗೊತ್ತಿಲ್ಲದವರ ಊರು ಅದು. ಹಿನ್ನೆಲೆಯ ಬೀದಿ, ಬೋರ್ಡು, ಬೆವರು ಹತ್ತಿದ ಗೋಡೆಗಳನ್ನು ಓದುವಷ್ಟು ಹೊತ್ತು ಕಣ್ಣು ನಿಲ್ಲಿಸಿ.

ಇನ್ನು ಫೈಟಿನ ವಿಷಯ. ಅನಿಮೆಯಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳಿದ್ದರೂ ಅಷ್ಟೂ ಚಿತ್ರಗಳನ್ನು ಬರೆಯುವುದು ಅಪರೂಪ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟುಗಳವರೆಗೆ ಹಿಡಿದಿಡುತ್ತಾರೆ. ಹಾಗಾಗಿ ಸೆಕೆಂಡಿಗೆ 12 ಅಥವಾ 8 ಚಿತ್ರ. ಮಾತಿನ ದೃಶ್ಯಗಳಲ್ಲಿ ಎಷ್ಟೋ ಸಲ ತುಟಿ ಮಾತ್ರ ಆಡುತ್ತದೆ. ಇದನ್ನು ಕೊರತೆ ಎಂದು ಎಣಿಸಬೇಡಿ. ನಿರ್ದೇಶಕರು ಎಲ್ಲಿ ಉಳಿಸಿ ಎಲ್ಲಿ ಖರ್ಚು ಮಾಡಿದ್ದಾರೆ ಎಂದು ಗಮನಿಸುವುದೇ ಈ ಕಲೆಯ ರಸಿಕತೆಯ ಮೊದಲ ಪಾಠ. ರೋನಪುರದ ಯೆಲ್ಲೊ ಫ್ಲ್ಯಾಗ್ ಬಾರಿನಲ್ಲಿ ರೆವಿ ಎರಡು ಕೈಯಲ್ಲಿ ಎರಡು ಪಿಸ್ತೂಲು ಹಿಡಿದು ಮೇಲೇಳುವಾಗ, ಅಲ್ಲಿಯವರೆಗೆ ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಚೆಲ್ಲಿದಂತಾಗುತ್ತದೆ. ಅವಳ ಮುಖವನ್ನೂ ನೋಡಿ. ಗುಂಡು ಹಾರಿಸುವಾಗಲೇ ಆ ಮುಖಕ್ಕೆ ಜೀವ ಬರುತ್ತದೆ, ಅದೇ ಅವಳ ದುರಂತ. ಆ ಬಾರು ಮುಂದೆಯೂ ಮತ್ತೆ ಮತ್ತೆ ಪುಡಿಯಾಗುತ್ತದೆ, ಮಾಲೀಕ ಬಾವೊ ಪ್ರತಿ ಸಲವೂ ಎದ್ದು ಕಟ್ಟಿಸಬೇಕಾಗುತ್ತದೆ. ಒಡೆದದ್ದಕ್ಕೆ ಲೆಕ್ಕ ಇಡುವ ಕಥೆ ಇದು. ಎರಡನೇ ಕಂತಿನಲ್ಲಿ ದೋಣಿಯೇ ಗಾಳಿಗೆ ಹಾರಿ, ಬೆನ್ನಟ್ಟಿ ಬಂದ ಹೆಲಿಕಾಪ್ಟರಿನ ಮೇಲೆ ಟಾರ್ಪಿಡೊ ಬಿಡುವ ಅತಿರೇಕವನ್ನು ಮನಸ್ಸು ಒಪ್ಪುವುದಕ್ಕೂ ಕಾರಣವಿದೆ: ಆ ಉಪಾಯ ಹೊಳೆಯುವುದು ಕಂಪನಿ ಕೈಬಿಟ್ಟ ಗುಮಾಸ್ತನಿಗೆ.

ನಿರ್ದೇಶಕ ಸುನಾವೊ ಕತಾಬುಚಿ ಅವರ ಹೆಸರನ್ನು ನೆನಪಿಡಿ. 1989ರಲ್ಲಿ ಜಿಬ್ಲಿ ಸ್ಟುಡಿಯೊದ ‘ಕಿಕಿಸ್ ಡೆಲಿವರಿ ಸರ್ವಿಸ್’ಗೆ ಸಹಾಯಕ ನಿರ್ದೇಶಕರಾಗಿದ್ದವರು ಇವರು. 2016ರಲ್ಲಿ, ಯುದ್ಧಕಾಲದ ಹಿರೋಶಿಮಾ ಸೀಮೆಯ ಗೃಹಿಣಿಯೊಬ್ಬಳ ದಿನಚರಿಯನ್ನು ಹೇಳುವ ‘ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್’ ಚಿತ್ರವನ್ನು ನಿರ್ದೇಶಿಸಿದರು. ದಿನದಿನದ ಬದುಕಿನ ಮೇಲೆ ಇರುವ ಆ ಅಕ್ಕರೆ ರೋನಪುರದ ಕೊಳಕಿನಲ್ಲೂ ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಿವಿಯನ್ನು ಪಳಗಿಸಲು 2015ರ ಜುಲೈನಲ್ಲಿ ಬಂದ ‘ಗ್ಯಾಂಗ್‌ಸ್ಟಾ’ ನೋಡಿ. ಎರ್ಗಾಸ್ಟುಲಮ್ ಎಂಬ ಕಲ್ಪಿತ ಊರಿನಲ್ಲಿ ವೋರಿಕ್ ಮತ್ತು ನಿಕೊಲಸ್ ಎಂಬ ಇಬ್ಬರು, ಪೊಲೀಸರಿಂದ ಹಿಡಿದು ಮಾಫಿಯಾದವರೆಗೆ ಯಾರು ಕರೆದರೂ ಹೋಗಿ ಕೆಲಸ ಮುಗಿಸಿ ಬರುವವರು. ಇಲ್ಲಿಯೂ ಮೊದಲು ಕಾಣುವುದು ಕಸುಬು. ನಿಕೊಲಸ್‌ಗೆ ಕಿವಿ ಕೇಳುವುದಿಲ್ಲ, ಅವನು ಹೆಚ್ಚಾಗಿ ಕೈಸನ್ನೆಯಲ್ಲಿ ಮಾತಾಡುತ್ತಾನೆ. ಅವನ ಬಾಯಿಂದ ಮಾತು ಹೊರಡುವುದು ವಿರಳ. ಆಗ ಧ್ವನಿನಟ ಕೆಂಜಿರೊ ತ್ಸುದಾ ಕೊಡುವ ದನಿಯಲ್ಲಿ, ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳಲಾಗದ ಮನುಷ್ಯನ ಉಚ್ಚಾರವಿದೆ. ಆ ಪ್ರಯಾಸವನ್ನು ಸಬ್‌ಟೈಟಲ್ ಹೇಳಲಾರದು. ಇದನ್ನು ಜಪಾನೀ ಧ್ವನಿಯಲ್ಲಿಯೇ ಕೇಳಬೇಕು. ಒಂದು ಎಚ್ಚರಿಕೆಯೂ ಇದೆ. ಇದನ್ನು ಮಾಡಿದ ಮಾಂಗ್ಲೋಬ್ ಸ್ಟುಡಿಯೊ ಅದೇ ವರ್ಷ ದಿವಾಳಿಯೆದ್ದಿತು, ಕಥೆ 12 ಕಂತಿಗೆ ನಡುದಾರಿಯಲ್ಲೇ ನಿಂತಿತು. ಮೊದಲ ಕಂತಿನ ಹದ ಕೊನೆಯವರೆಗೆ ಉಳಿಯಲಿಲ್ಲ. ಆದರೂ ಆ ಇಬ್ಬರ ಒಡನಾಟಕ್ಕಾಗಿ ನೋಡತಕ್ಕದ್ದೇ.

ಪೂರ್ತಿ ಮುಗಿಯುವ ಕಥೆ ಬೇಕೆನ್ನುವವರಿಗೆ 2016ರ ‘91 ಡೇಸ್’ ಇದೆ. ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲ, ಕದ್ದು ಮದ್ಯ ಕಾಯಿಸುವ ಊರು. ಮನೆಯವರನ್ನೆಲ್ಲ ಕಳೆದುಕೊಂಡ ಆಂಜೆಲೊ ಏಳು ವರ್ಷದ ನಂತರ ಸೇಡಿಗೆ ಮರಳುತ್ತಾನೆ. ಕೊಲೆಗಾರರ ಮನೆಯೊಳಗೆ ಅವನು ಕಾಲಿಡುವುದು ಗೆಳೆಯ ಕೊರ್ತೆಯೊ ಕಾಯಿಸಿದ ಒಳ್ಳೆಯ ಮದ್ಯದ ಬಲದಿಂದ. ಒಬ್ಬನ ಕೈಗುಣವನ್ನು ಇನ್ನೊಬ್ಬ ಸೇಡಿಗೆ ಬಳಸಿಕೊಳ್ಳುವಲ್ಲಿಯೇ ಮುಂದಿನ ನೋವೆಲ್ಲ ಬೀಜದಂತೆ ಅಡಗಿದೆ.

ಮೊದಲ ಕಂತಿನಲ್ಲಿ ಸಿಗುವುದು ಹೆಚ್ಚಾಗಿ ರೌದ್ರ. ಸರಣಿ ಅಲ್ಲೇ ನಿಂತರೆ ಬೇಗ ಬೇಸರವಾಗುತ್ತದೆ. ಅದು ಜುಗುಪ್ಸೆಗೂ ಕರುಣೆಗೂ ದಾಟುತ್ತದೆಯೇ ಎಂದು ಮೂರು ನಾಲ್ಕು ಕಂತು ಕಾಯಿರಿ. ‘ಬ್ಲ್ಯಾಕ್ ಲಗೂನ್’ನ ಏಳನೇ ಕಂತಿನಲ್ಲಿ ರಾಕ್ ಮತ್ತು ರೆವಿ ನಡುಮಾರುಕಟ್ಟೆಯಲ್ಲಿ ಜಗಳಕ್ಕೆ ಬೀಳುತ್ತಾರೆ. ಸತ್ತವರ ಮೈಮೇಲಿನದನ್ನು ಕದಿಯುವುದು ತಪ್ಪೇ, ಹಣಕ್ಕಿಂತ ದೊಡ್ಡದು ಏನಾದರೂ ಇದೆಯೇ ಎಂಬ ಮಾತು ಬಂದೂಕು ಎತ್ತುವವರೆಗೆ ಹೋಗುತ್ತದೆ. ಆಮೇಲೆ ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಒಂದರ ಕಿಡಿಯಿಂದ ಇನ್ನೊಂದು ಸಿಗರೇಟನ್ನು ಹಚ್ಚಿಕೊಳ್ಳುತ್ತಾರೆ. ಕ್ಷಮೆ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ. ಇಡೀ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಂತು ಇದು. ಎರಡನೇ ಸುತ್ತಿನ ಆರಂಭದಲ್ಲಿ ಬರುವ ರುಮೇನಿಯಾದ ಅವಳಿ ಮಕ್ಕಳ ಕಥೆಗೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಕ್ಕಳ ಮೇಲಿನ ಕ್ರೌರ್ಯ ಅಲ್ಲಿ ನೇರವಾಗಿಯೇ ಬರುತ್ತದೆ, ಸುಲಭದ ಸಮಾಧಾನ ಸಿಗುವುದಿಲ್ಲ.

ಇವು ದೊಡ್ಡವರ ಕಥೆಗಳು. ಕಾರ್ಟೂನ್ ಎಂದುಕೊಂಡು ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಎಲ್ಲಿಂದ ಶುರು ಮಾಡಲಿ ಎಂದರೆ, ‘ಬ್ಲ್ಯಾಕ್ ಲಗೂನ್’ನ ಮೊದಲ ಎರಡು ಕಂತುಗಳನ್ನು ಒಂದೇ ಸಲಕ್ಕೆ ಕೂತು ನೋಡಿ. ಅವೆರಡೂ ಸೇರಿಯೇ ಒಂದು ಕಥೆ, ಮೊದಲನೆಯದನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ.