ರೆಬೆಕಾಳ ಮುಸುಕು, ಕೊಪ್ಪಳದ ಕಂದಾಯ

ಹೈದರಾಬಾದಿಗೆ ಹೋದವರು ಚಾರ್‌ಮಿನಾರ್ ನೋಡಿ, ಬಿರಿಯಾನಿ ಉಂಡು, ಮೂಸಿ ನದಿಯ ದಕ್ಷಿಣ ದಂಡೆಯ ಸಾಲಾರ್‌ಜಂಗ್ ಮ್ಯೂಸಿಯಂಗೂ ಒಂದು ಸುತ್ತು ಹಾಕಿ ಬರುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ: ಮುಸುಕಿನ ರೆಬೆಕಾ, ಗಡ್ಡದ ಗೊಂಬೆ ಬಂದು ಗಂಟೆ ಹೊಡೆಯುವ ಗಡಿಯಾರ.

ಈ ಸಂಗ್ರಹದ ಬಹುಪಾಲು ಮೂರನೇ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನರದು. 1912ರಲ್ಲಿ ನಿಜಾಮರ ದಿವಾನರಾದ ಅವರು 1914ರಲ್ಲಿ ಹುದ್ದೆ ಬಿಟ್ಟು ಕೊಳ್ಳುವುದರಲ್ಲೇ ಆಯುಷ್ಯ ಕಳೆದರು. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡರು. ಮ್ಯೂಸಿಯಂ ಆದದ್ದು ಆಮೇಲೆ. 1951ರಲ್ಲಿ ಅವರ ದಿವಾನ್ ದೇವಡಿಯಲ್ಲೇ ನೆಹರೂ ಅದನ್ನು ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ರೆಬೆಕಾಳನ್ನು ತಂದವರು ಅವರ ಅಜ್ಜ, ಒಂದನೇ ಸಾಲಾರ್‌ಜಂಗ್, 1876ರಲ್ಲಿ. ಇಟಲಿಯ ಬೆಂಝೋನಿ ಅಮೃತಶಿಲೆಯನ್ನು ತೆಳು ಬಟ್ಟೆಯಾಗಿಸಿದ್ದು ನಿಜಕ್ಕೂ ಬೆರಗು. ಆದರೆ ಅದು ಕೈಚಳಕದ ಬೆರಗು. ಎರಡನೇ ಸಲ ನೋಡಿದಾಗ ಅರ್ಧಕ್ಕರ್ಧ ಕರಗುತ್ತದೆ. ಜನ ಅಲ್ಲಿ ಮುತ್ತಿಕೊಂಡಿರುವಾಗ, ಯಾಕೂತ್ ಅಲ್ ಮುಸ್ತಾಸಿಮಿಯ ಕೈಬರಹವೆನ್ನಲಾಗುವ, ಜಹಾಂಗೀರ್, ಷಹಜಹಾನ್, ಔರಂಗಜೇಬರ ರುಜು ಹೊತ್ತ ಕುರ್‌ಆನ್ ಪ್ರತಿಯೂ ಇದೇ ಸಂಗ್ರಹದಲ್ಲಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ನಮ್ಮ ಕಣ್ಣು ನಿಲ್ಲಬೇಕಾದದ್ದು ಬಿದ್ರಿ ಸಾಮಾನುಗಳ ಮುಂದೆ. ಸತು-ತಾಮ್ರದ ಎರಕಕ್ಕೆ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸಿದ ಹುಕ್ಕಾ, ಹೂಜಿಗಳು. ಕಪ್ಪಾಗುವುದು ಸತುವಿನ ಮೈ ಮಾತ್ರ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದನ್ನು ಕಂಡುಕೊಂಡ ಕುಶಲಕರ್ಮಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಬೆಂಝೋನಿಯ ಹೆಸರು ಮಾತ್ರ ಮಾರ್ಗದರ್ಶಿಗಳಿಗೆ ಕಂಠಪಾಠ.

ಇನ್ನೊಂದು ಮಾತು. ಅಂದು ನಿಜಾಮರ ರಾಜ್ಯದಲ್ಲಿದ್ದ ಕೊಪ್ಪಳ ಇದೇ ಸಾಲಾರ್‌ಜಂಗ್ ಮನೆತನದ ಜಾಗೀರು. ಇಡೀ ಸಂಗ್ರಹ ಕೊಪ್ಪಳದ ದುಡ್ಡಿನದೆಂದು ಯಾರೂ ಹೇಳಲಾರರು. ಆದರೆ ಆ ಸೀಮೆಯ ಜೋಳದ ಹೊಲಗಳ ಕಂದಾಯವೂ ಆ ಮನೆಯ ಖಜಾನೆಗೆ ಹರಿದಿತ್ತು. ನವಾಬರು ಕೂಡಿಟ್ಟದ್ದನ್ನು ಮಾರಿ ಚೆಲ್ಲಾಪಿಲ್ಲಿ ಮಾಡದೆ ಸಾರ್ವಜನಿಕರಿಗೆ ಉಳಿಸಿದ್ದು ದೊಡ್ಡ ಉಪಕಾರ. ಅದನ್ನು ಒಪ್ಪುತ್ತಲೇ ಕೇಳೋಣ. ಮನೆತನದ ಭಾವಚಿತ್ರಗಳು ಗೋಡೆಯ ಮೇಲಿವೆ, ಸರಿ. ಅವುಗಳ ಪಕ್ಕದಲ್ಲಿ ಜಾಗೀರಿನ ಊರುಗಳ ಒಂದು ನಕಾಶೆಯನ್ನು ತೂಗುಹಾಕಲು ಎಷ್ಟು ಜಾಗ ಬೇಕು?